ಅಕಾಡೆಮಿ ಬಿಟ್ಟ ಮಗ ಮನೆಗೆ ಬಂದಾಗ

ಮಗ ಫುಟ್ಬಾಲ್ ಚೆನ್ನಾಗಿ ಆಡುತ್ತಾನೆ. ಶಾಲೆಯ ಪಿ.ಟಿ. ಸರ್ ಹೊಗಳುತ್ತಾರೆ. ತಾಲೂಕು ಮಟ್ಟ ದಾಟಿ ಜಿಲ್ಲಾ ಮಟ್ಟದಲ್ಲಿ ಆಡಿ ಬರುತ್ತಾನೆ. ಯಾರೋ ಅವನ ಆಟ ನೋಡಿ ಆಯ್ಕೆ ಶಿಬಿರಕ್ಕೆ ಕರೆಯುತ್ತಾರೆ. ದೊಡ್ಡ ಕ್ಲಬ್ಬೊಂದರ ಅಕಾಡೆಮಿಯಲ್ಲಿ ಜಾಗ ಸಿಗುತ್ತದೆ. ಓಣಿಗೆಲ್ಲ ಸಿಹಿ ಹಂಚಿ, ಹೊಸ ಬೂಟು ಕೊಡಿಸಿ, ದುಆ ಮಾಡಿ ಬಸ್ಸು ಹತ್ತಿಸುತ್ತೀರಿ. ಮೂರು ವರ್ಷಗಳ ನಂತರ ಅದೇ ಮಗ ಅದೇ ಚೀಲ ಹೊತ್ತು ಮನೆಗೆ ಮರಳುತ್ತಾನೆ. ಮುಂದಿನ ವರ್ಷಕ್ಕೆ ಅವನು ಬೇಡ ಎಂದು ಕ್ಲಬ್ಬು ತೀರ್ಮಾನಿಸಿದೆ. ಆಗ ಅವನ ವಯಸ್ಸು ಹದಿನಾರೋ ಹದಿನೇಳೋ ಇರುತ್ತದೆ.

ಸಹೋದರಿಯರೇ, ಗೆದ್ದು ಬಂದ ಮಗನನ್ನು ಬರಮಾಡಿಕೊಳ್ಳುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಹೀಗೆ ಕೈಬಿಡಲ್ಪಟ್ಟು ಬಂದ ಮಗನನ್ನು ಬರಮಾಡಿಕೊಳ್ಳುವುದು ಹೇಗೆ? ಅವನ ಮುಂದಿನ ಬದುಕನ್ನು ಮತ್ತೆ ಕಟ್ಟುವುದು ಹೇಗೆ? ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ನಮ್ಮ ಮನೆಗಳಲ್ಲಿ ಈ ಮಾತು ಅಪರೂಪವಾಗಿ ನಡೆಯುತ್ತದೆ. ಅದಕ್ಕೇ ಈ ಲೇಖನ.

ಕೈಬಿಡುವುದೆಂದರೆ ಏನು?

ಮೊದಲು ಅಕಾಡೆಮಿಯ ಲೆಕ್ಕವನ್ನು ತಿಳಿದುಕೊಳ್ಳೋಣ. ದೊಡ್ಡ ಕ್ಲಬ್ಬುಗಳು 13ರ ಒಳಗಿನವರು, 15ರ ಒಳಗಿನವರು, 17ರ ಒಳಗಿನವರು ಎಂದು ವಯಸ್ಸಿಗೊಂದು ತಂಡ ಕಟ್ಟುತ್ತವೆ. ಮಗ ಒಂದು ವಯಸ್ಸು ದಾಟಿದಾಗ ಮೇಲಿನ ತಂಡದಲ್ಲಿ ಅವನಿಗೆ ಜಾಗ ಇರಬೇಕು. 17ರ ತಂಡದಲ್ಲಿ 25 ಹುಡುಗರಿದ್ದಾರೆ ಎಂದುಕೊಳ್ಳಿ. ಮುಖ್ಯ ತಂಡದಲ್ಲಿ ಆ ವರ್ಷ ಹೊಸಬರಿಗೆ ಸಿಗುವ ಜಾಗ ಒಂದೋ ಎರಡೋ. ಉಳಿದವರು ಚೆನ್ನಾಗಿ ಆಡಿದರೂ ಹೊರಗೆ ಹೋಗಲೇಬೇಕು. ಎತ್ತರ ಬೆಳೆಯಲಿಲ್ಲ, ಮೊಣಕಾಲಿಗೆ ಪೆಟ್ಟಾಯಿತು, ತರಬೇತುದಾರರು ಬದಲಾದರು, ಅದೇ ಜಾಗದಲ್ಲಿ ಆಡುವ ಇನ್ನೊಬ್ಬ ಹುಡುಗ ಬಂದ - ಹೀಗೆ ಕಾರಣಗಳು ನೂರು. ಅವುಗಳಲ್ಲಿ ಹೆಚ್ಚಿನವು ಮಗನ ಕೈಯಲ್ಲಿ ಇಲ್ಲದವು.

ಇದು ಫುಟ್ಬಾಲಿಗೆ ಮಾತ್ರ ಸೀಮಿತವಲ್ಲ. ಧಾರವಾಡದ ಸಾಯ್ ತರಬೇತಿ ಕೇಂದ್ರ, ಸರಕಾರದ ಕ್ರೀಡಾ ವಸತಿ ನಿಲಯಗಳು ನಮ್ಮ ಜನರಿಗೆ ಗೊತ್ತು. ಅಲ್ಲಿಯೂ ಸಾಧನೆ ನೋಡಿ ಮುಂದುವರಿಸುವುದು, ಇಲ್ಲವಾದರೆ ಬಿಟ್ಟು ಕಳುಹಿಸುವುದು ನಡೆದೇ ಇದೆ. ಕಬಡ್ಡಿ ಆಡುವ ಹುಡುಗನೂ ಓಟಗಾರ್ತಿಯಾದ ಹುಡುಗಿಯೂ ಇದೇ ಬಾಗಿಲಿನಿಂದ ಹೊರಬರುತ್ತಾರೆ.

ಒಮ್ಮೊಮ್ಮೆ ಕ್ಲಬ್ಬೇ ಉಳಿಯುವುದಿಲ್ಲ. ಪುಣೆಯ ಎಫ್‌ಸಿ ಪುಣೆ ಸಿಟಿ ಕ್ಲಬ್ಬು 2019ರಲ್ಲಿ ಮುಚ್ಚಿತು. 2025ರ ಜುಲೈಯಲ್ಲಿ ದೇಶದ ಅತಿ ದೊಡ್ಡ ಲೀಗ್ ಆದ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಯಿತು. ಮರುತಿಂಗಳು ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಸಂಬಳವನ್ನೇ ನಿಲ್ಲಿಸಬೇಕಾಯಿತು. ದೇಶಕ್ಕಾಗಿ ಆಡಿದವರ ಸ್ಥಿತಿಯೇ ಹೀಗಾದಾಗ, 16 ವರ್ಷದ ಹುಡುಗನೊಬ್ಬನನ್ನು ಕ್ಲಬ್ಬು ಬಿಟ್ಟರೆ ಅದನ್ನು ಅವನ ಅಯೋಗ್ಯತೆ ಎಂದು ಹೇಗೆ ಹೇಳುವುದು? ಕ್ಲಬ್ಬು ಮುಗಿಸಿದ್ದು ಒಂದು ಒಪ್ಪಂದವನ್ನು. ನಿಮ್ಮ ಮಗನನ್ನಲ್ಲ. ಈ ವ್ಯತ್ಯಾಸ ಮನೆಯಲ್ಲಿ ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಆದಂತೆ.

ಬೇಡವೆನಿಸಿಕೊಂಡ ಮೂವರು

2016ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನು ಲೆಸ್ಟರ್ ಎಂಬ ಸಾಧಾರಣ ಕ್ಲಬ್ಬು ಗೆದ್ದು ಜಗತ್ತನ್ನೇ ಬೆರಗುಗೊಳಿಸಿತು. ಆ ತಂಡದ ಮೂವರು ಮುಖ್ಯ ಆಟಗಾರರ ಹಿಂದಿನ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಿ.

ಮೊದಲನೆಯವರು ಜೇಮಿ ವಾರ್ಡಿ. ಶೆಫೀಲ್ಡ್ ವೆಡ್ನೆಸ್‌ಡೇ ಎಂಬ ಕ್ಲಬ್ಬು ಅವರನ್ನು 16ನೇ ವಯಸ್ಸಿನಲ್ಲಿ ಕೈಬಿಟ್ಟಿತು. ದೇಹ ಸಣ್ಣದು ಎಂಬುದು ಕಾರಣ. ಅವರು ಊರಿನ ಸಣ್ಣ ತಂಡವೊಂದಕ್ಕೆ ಅತಿ ಕಡಿಮೆ ಹಣಕ್ಕೆ ಆಡುತ್ತಾ, ಹಗಲು ಕಾರ್ಖಾನೆಯೊಂದರಲ್ಲಿ ಮುರಿದ ಕೈಕಾಲುಗಳಿಗೆ ಆಧಾರವಾಗಿ ಕಟ್ಟುವ ಪಟ್ಟಿಗಳನ್ನು ತಯಾರಿಸುತ್ತಿದ್ದರು. ಲೆಸ್ಟರ್ ಅವರನ್ನು ಕರೆದುಕೊಂಡದ್ದು 2012ರಲ್ಲಿ. ಆಗ ಅವರಿಗೆ 25 ವರ್ಷ.

ಎರಡನೆಯವರು ಅಲ್ಜೀರಿಯಾ ಮೂಲದ ರಿಯಾದ್ ಮಹ್ರೆಝ್. 15ನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಹುಡುಗ. ಕಡ್ಡಿಯಂತಿದ್ದ ದೇಹ ನೋಡಿ ದೊಡ್ಡವರು ತಲೆಯಾಡಿಸುತ್ತಿದ್ದರು. ಅವರು ಆರಂಭಿಸಿದ್ದು ಫ್ರಾನ್ಸಿನ ಕೆಳದರ್ಜೆಯ ಲೀಗಿನಲ್ಲಿ.

ಮೂರನೆಯವರು ಎನ್ಗೊಲೊ ಕಾಂಟೆ. ಆಫ್ರಿಕಾದ ಮಾಲಿಯಿಂದ ಪ್ಯಾರಿಸಿಗೆ ಬಂದ ಮುಸ್ಲಿಂ ಕುಟುಂಬದ ಮಗ. 11ನೇ ವಯಸ್ಸಿಗೆ ತಂದೆ ತೀರಿಕೊಂಡರು. ಎತ್ತರ ಸಾಲದೆಂದು ದೊಡ್ಡ ಅಕಾಡೆಮಿಗಳು ಅವರನ್ನು ತೆಗೆದುಕೊಳ್ಳಲಿಲ್ಲ. ಪ್ಯಾರಿಸಿನ ಪಕ್ಕದ ಸಣ್ಣ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಆಡಿ, 19ನೇ ವಯಸ್ಸಿನಲ್ಲಿ ಬುಲೋನ್ ಎಂಬ ಊರಿನ ಕ್ಲಬ್ಬಿನ ಎರಡನೇ ತಂಡಕ್ಕೆ ಸೇರಿದರು. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಚೆಂಡಿನ ಜೊತೆಗೆ ಅವರು ಲೆಕ್ಕಶಾಸ್ತ್ರದ ಓದನ್ನೂ ಮುಗಿಸಿದರು. ಆಟ ಕೈಕೊಟ್ಟರೆ ಕಚೇರಿಯಲ್ಲಿ ಲೆಕ್ಕ ಬರೆದಾದರೂ ತಾಯಿಯನ್ನು ಸಾಕಬಹುದಿತ್ತು. ಮುಂದೆ ಅವರು 2018ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದಲ್ಲಿದ್ದರು; 2023ರಲ್ಲಿ ಜಿದ್ದಾದ ಅಲ್ ಇತ್ತಿಹಾದ್ ಸೇರಿದರು.

ನಿಮ್ಮ ಮಗನೂ ಕಾಂಟೆ ಆಗಿಯೇ ಆಗುತ್ತಾನೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಇನ್ನೊಂದು ಸುಳ್ಳು ಆಸೆಯನ್ನು ತುಂಬಿದಂತೆ. ಅಕಾಡೆಮಿ ಬಿಟ್ಟ ಬಹುಪಾಲು ಹುಡುಗರು ಪ್ರಸಿದ್ಧ ಆಟಗಾರರಾಗುವುದಿಲ್ಲ. ಈ ಮೂವರಿಂದ ಕಲಿಯಬೇಕಾದದ್ದು ಬೇರೆ. ಮೇಲಿನ ಬಾಗಿಲು ಮುಚ್ಚಿದಾಗ ಅವರು ಕೆಳಗಿನ ಮೆಟ್ಟಿಲಿನಲ್ಲಿ ಆಡಲು ನಾಚಿಕೊಳ್ಳಲಿಲ್ಲ. ಒಬ್ಬರ ಕೈಯಲ್ಲಿ ದುಡಿಮೆ ಇತ್ತು, ಒಬ್ಬರ ಕೈಯಲ್ಲಿ ಓದು ಇತ್ತು.

ನಮ್ಮ ಹತ್ತಿರದಲ್ಲೇ ಆಶಿಕ್ ಕುರುಣಿಯನ್ ಇದ್ದಾರೆ. ಮಲಪ್ಪುರಂನ ಸಾಧಾರಣ ಮನೆಯ ಹುಡುಗ. ಪುಣೆಯ ಅಕಾಡೆಮಿಯಲ್ಲಿ ಬೆಳೆದು, 2016ರಲ್ಲಿ ಸ್ಪೇನಿನ ವಿಲ್ಲಾರಿಯಲ್ ಕ್ಲಬ್ಬಿಗೆ ತರಬೇತಿಗೆ ಹೋದರು. ಅಲ್ಲಿ ನೆಲೆ ನಿಲ್ಲಲಾಗದೆ ಮರಳಿದರು. ಸ್ಪೇನಿನಿಂದ ಬರಿಗೈಯಲ್ಲಿ ಬಂದೆನೆಂದು ಕೊರಗಿ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಮತ್ತೆ ಪುಣೆಯಲ್ಲೇ ಆಡಿದರು. 2018ರಲ್ಲಿ ಭಾರತ ತಂಡಕ್ಕೆ ಬಂದರು, 2019ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು.

ಮನೆಯ ಮೊದಲ ತಿಂಗಳು

ಮಗ ಮನೆಗೆ ಬಂದ ಮೊದಲ ತಿಂಗಳು ಬಹಳ ಸೂಕ್ಷ್ಮವಾದದ್ದು. ಮದ್ರಸಾದಲ್ಲಿ ಓದಿದ ನನಗೆ ಇದರ ಒಂದು ಹೋಲಿಕೆ ಚೆನ್ನಾಗಿ ಗೊತ್ತು. ಹಿಫ್ಝ್ ಮಾಡಲು ದೂರದ ಮದ್ರಸಾಕ್ಕೆ ಹೋದ ಹುಡುಗ ಹತ್ತು ಜುಝ್ ಮುಗಿಸಿ, ಯಾವುದೋ ಕಾರಣಕ್ಕೆ ಮರಳಿ ಬರುತ್ತಾನೆ. ಓಣಿಯ ಜನ ಅವನನ್ನು "ಅರ್ಧಕ್ಕೆ ಬಿಟ್ಟು ಬಂದವ" ಎಂದು ಕರೆಯುತ್ತಾರೆ. ಎದೆಯಲ್ಲಿರುವ ಹತ್ತು ಜುಝ್ ಯಾರ ಕಣ್ಣಿಗೂ ಕಾಣುವುದಿಲ್ಲ, ಬಿಟ್ಟುಹೋದ ಇಪ್ಪತ್ತು ಮಾತ್ರ ಕಾಣುತ್ತದೆ. ಹಾಗೆ ಕರೆಸಿಕೊಂಡ ನನ್ನ ಸಹಪಾಠಿಗಳಲ್ಲಿ ಕೆಲವರು ಕಲಿತ ಹತ್ತನ್ನೂ ಮರೆತರು. ಮನೆಯವರು ಬೆನ್ನು ತಟ್ಟಿದವರು ಅದನ್ನು ಉಳಿಸಿಕೊಂಡು ಬೇರೆ ಓದಿನಲ್ಲಿ ಮುಂದೆ ಬಂದರು.

ಅಕಾಡೆಮಿಯಿಂದ ಬಂದ ಮಗನ ವಿಷಯವೂ ಹೀಗೆಯೇ. ಅವನು ಬರಿಗೈಯಲ್ಲಿ ಬಂದಿಲ್ಲ. ಬೆಳಗಿನ ಐದಕ್ಕೆ ಏಳುವುದು, ತನ್ನ ಬಟ್ಟೆ ತಾನೇ ಒಗೆಯುವುದು, ಬೇರೆ ಬೇರೆ ರಾಜ್ಯದ ಹುಡುಗರೊಂದಿಗೆ ಹಿಂದಿ, ಇಂಗ್ಲಿಷ್ ಮಾತಾಡುವುದು, ಸೋತ ಮರುದಿನವೂ ಮೈದಾನಕ್ಕೆ ಇಳಿಯುವುದು, ಇವನ್ನೆಲ್ಲ ಕಲಿತು ಬಂದಿದ್ದಾನೆ. ಅದನ್ನು ಹೆಸರಿಟ್ಟು ಹೇಳುವವರು ಮನೆಯಲ್ಲಿ ಒಬ್ಬರಾದರೂ ಬೇಕು. ಸಾಮಾನ್ಯವಾಗಿ ಅದು ತಾಯಿಯೇ ಆಗಿರುತ್ತಾಳೆ.

ನಾನು ಪಾಠ ಹೇಳಿದ ಹುಡುಗನೊಬ್ಬ 13ನೇ ವಯಸ್ಸಿಗೆ ಹೊರ ಊರಿನ ಅಕಾಡೆಮಿಗೆ ಹೋಗಿ, 16ಕ್ಕೆ ಮರಳಿದ. ಮೂರು ವರ್ಷ ಶಾಲೆ ಹೆಸರಿಗಷ್ಟೇ ನಡೆದಿತ್ತು. ಅವನ ಅಮ್ಮಿ ಎರಡು ತಿಂಗಳು ನೆಂಟರಿಗೆಲ್ಲ "ರಜೆಗೆ ಬಂದಾನ" ಎಂದೇ ಹೇಳಿದರು. ಮಗನ ಮಾನ ಉಳಿಸುವುದೇ ಅವರ ಉದ್ದೇಶ. ಆದರೆ ಹುಡುಗನಿಗೆ ಅದು ಬೇರೆಯಾಗಿ ಕೇಳಿಸಿತು. ತಾನು ಮುಚ್ಚಿಡಬೇಕಾದ ವಸ್ತು ಎಂದು ಅವನು ತಿಳಿದ. ಮದುವೆಗೆ ಬರಲಿಲ್ಲ, ಈದಿನ ದಿನವೂ ನಮಾಝ್ ಮುಗಿಸಿ ನೇರ ಕೋಣೆ ಸೇರಿದ. ಒಂದು ದಿನ ಅವನ ಮಾಮು ಎಲ್ಲರೆದುರಿಗೇ "ಬಂದಿದ್ದು ಛಲೋ ಆತು ಬೇಟಾ, ಮುಂದ ಏನ್ ಮಾಡೋಣು ಹೇಳು" ಎಂದರು. ಆ ಒಂದು ಮಾತಿನಿಂದ ಗಂಟು ಬಿಚ್ಚಿತು. ಆ ವರ್ಷ ಅವನು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ. ಗಣಿತದಲ್ಲಿ ಮೊದಲ ಸಲ ಹೋಯಿತು, ಎರಡನೇ ಸಲ ಪಾಸಾದ. ಈಗ ಕಾಲೇಜಿಗೆ ಹೋಗುತ್ತಾ, ಸಂಜೆ ಓಣಿಯ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಾನೆ.

ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿಡಿ. ಬಂದ ದಿನವೇ "ಯಾಕೆ ತೆಗೆದರು?" ಎಂದು ವಿಚಾರಣೆ ಮಾಡಬೇಡಿ. ಅವನಾಗಿ ಹೇಳುವವರೆಗೆ ಕಾಯಿರಿ. "ನಿನ್ನ ಮೇಲೆ ಇಷ್ಟು ಖರ್ಚು ಮಾಡಿದೆವು" ಎಂಬ ಮಾತು ನಿಜವಿದ್ದರೂ ಆ ತಿಂಗಳು ಬಾಯಿಗೆ ಬರಬಾರದು. ಚಾಚಾನ ಮಗನ ಅಂಕಪಟ್ಟಿಯೊಂದಿಗೆ ಹೋಲಿಸಬಾರದು. ಕೇಳಿದವರಿಗೆ "ಅಲ್ಲಿಯದು ಮುಗಿಯಿತು, ಮುಂದಿನದು ನೋಡುತ್ತಿದ್ದೇವೆ" ಎಂದು ಸರಳವಾಗಿ ಹೇಳಿ. ಸುಳ್ಳು ಬೇಡ.

ಇನ್ನೊಂದು ವಿಷಯ. ಊಟ ಬಿಡುವುದು, ರಾತ್ರಿಯೆಲ್ಲ ಎಚ್ಚರವಿರುವುದು, ಗೆಳೆಯರ ಫೋನು ಎತ್ತದಿರುವುದು, "ನಾನಿದ್ದು ಏನು ಪ್ರಯೋಜನ" ಎನ್ನುವುದು ಎರಡು ವಾರ ಮುಂದುವರಿದರೆ ಅದನ್ನು ಹುಡುಗಾಟ ಎನ್ನಬೇಡಿ. ಸಾಯುವ ಮಾತು ಒಮ್ಮೆ ಬಂದರೂ ಕಾಯದೆ ಆ ದಿನವೇ ಸಹಾಯ ಕೇಳಿ. ಮ್ಯಾಂಚೆಸ್ಟರ್ ಸಿಟಿಯ ಅಕಾಡೆಮಿಯಿಂದ ಹೊರಬಂದಿದ್ದ 18 ವರ್ಷದ ಹುಡುಗನೊಬ್ಬ 2020ರಲ್ಲಿ ಜೀವ ಕಳೆದುಕೊಂಡಾಗ ಇಂಗ್ಲೆಂಡೇ ಬೆಚ್ಚಿಬಿತ್ತು. 2022ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬು, ತಾನು ಬಿಟ್ಟು ಕಳುಹಿಸುವ 18ರಿಂದ 23 ವರ್ಷದ ಹುಡುಗರ ಬೆನ್ನಿಗೆ ಮೂರು ವರ್ಷ ನಿಲ್ಲುವ ವ್ಯವಸ್ಥೆಯನ್ನು ಪ್ರಕಟಿಸಿತು. ನಮ್ಮ ಕಡೆ ಆ ಕೆಲಸ ಮನೆಯ ಪಾಲಿಗೇ ಬರುತ್ತದೆ. ಆದರೆ ಸಹಾಯ ದೂರವಿಲ್ಲ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದಕ್ಕಾಗಿಯೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೈಗೆ ಜ್ವರ ಬಂದಾಗ ದುಆ ಮಾಡುತ್ತಲೇ ವೈದ್ಯರ ಬಳಿಗೂ ಹೋಗುತ್ತೇವಲ್ಲವೇ? ಮನಸ್ಸಿನ ನೋವಿಗೂ ಅದೇ ದಾರಿ.

ಮತ್ತೆ ಕಟ್ಟುವ ದಾರಿಗಳು

ಮೊದಲನೆಯದು ಓದು. ಎಸ್ಸೆಸ್ಸೆಲ್ಸಿ ತಪ್ಪಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕವೂ ಹತ್ತನೇ ಮತ್ತು ಹನ್ನೆರಡನೇ ತರಗತಿ ಮುಗಿಸಬಹುದು. ಮುಂದಿನ ಹೆಚ್ಚಿನ ದಾರಿಗಳಿಗೆ ಈ ಪ್ರಮಾಣಪತ್ರವೇ ಬೀಗದ ಕೈ.

ಎರಡನೆಯದು ಆಟವನ್ನೇ ಮುಂದುವರಿಸುವುದು. ಅಕಾಡೆಮಿ ಬಿಡುವಾಗ ಫುಟ್ಬಾಲ್ ಫೆಡರೇಷನ್ನಿನ ನೋಂದಣಿಯಿಂದ ಬಿಡುಗಡೆ ಸಿಕ್ಕಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಬೇರೆ ಕ್ಲಬ್ಬಿಗೆ ಸೇರುವಾಗ ತೊಡಕಾಗುತ್ತದೆ. ಬೆಂಗಳೂರಿನಲ್ಲಿ ಸಿ, ಬಿ, ಎ ಡಿವಿಷನ್ ಮತ್ತು ಸೂಪರ್ ಡಿವಿಷನ್ ಎಂಬ ಮೆಟ್ಟಿಲುಗಳ ಲೀಗ್ ಇದೆ. ಇವನ್ನು ಸಣ್ಣದೆಂದು ತಿಳಿಯಬೇಡಿ. 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ ಬಂದ ಗೆಲುವು ಅದು. ಆ ತಂಡದ ಹೆಚ್ಚಿನವರು ಇದೇ ಬೆಂಗಳೂರಿನ ಲೀಗಿನಲ್ಲಿ ಆಡುತ್ತಿದ್ದವರು.

ಮೂರನೆಯದು ಕಾಲೇಜು ಮತ್ತು ನೌಕರಿ. ಕಾಲೇಜು ತಂಡ, ಅಲ್ಲಿಂದ ವಿಶ್ವವಿದ್ಯಾಲಯದ ತಂಡ. ಆ ಪ್ರಮಾಣಪತ್ರಗಳಿಗೆ ಬೆಲೆಯಿದೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ, ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೇಮಕಾತಿ ಇದೆ. ಪೊಲೀಸ್ ಇಲಾಖೆಯಲ್ಲೂ ಕ್ರೀಡಾಪಟುಗಳಿಗೆ ಅವಕಾಶವಿದೆ. ಅಕಾಡೆಮಿಯಲ್ಲಿ ಆಡಿದ ಪಂದ್ಯಗಳ ಪ್ರಮಾಣಪತ್ರಗಳನ್ನು ಬೇಸರದಿಂದ ಅಟ್ಟಕ್ಕೆ ಎಸೆಯಲು ಬಿಡಬೇಡಿ. ಒಂದು ಕಡತದಲ್ಲಿ ಜೋಡಿಸಿಡಿ. ಈ ಕೆಲಸವನ್ನು ತಾಯಿ, ಅಕ್ಕತಂಗಿಯರು ಮಾಡಬಹುದು.

ನಾಲ್ಕನೆಯದು ಕಲಿಸುವ ದಾರಿ. ಪದವಿ ಮುಗಿಸಿ ಎರಡು ವರ್ಷದ ಬಿ.ಪಿ.ಇಡಿ. ಮಾಡಿದರೆ ದೈಹಿಕ ಶಿಕ್ಷಣ ಶಿಕ್ಷಕನಾಗಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ದೈಹಿಕ ಶಿಕ್ಷಣ ವಿಭಾಗವಿದೆ. ಫುಟ್ಬಾಲ್ ತರಬೇತುದಾರನಾಗಲು ಫೆಡರೇಷನ್ನಿನ ಡಿ ಲೈಸೆನ್ಸಿನಿಂದ ಆರಂಭಿಸಿ ಸಿ, ಬಿ, ಎ ಎಂದು ಮೇಲೇರಬಹುದು. ರೆಫರಿಯಾಗುವ ದಾರಿಯೂ ಇದೆ.

ಈ ಮಾತಿಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರನ್ನು ನೆನಪಿಸಲೇಬೇಕು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು, ವೃತ್ತಿಯಲ್ಲಿ ಶಾಲಾ ಶಿಕ್ಷಕರು. ಅವರ ತರಬೇತಿಯಲ್ಲೇ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ಅವರನ್ನು ದೇಶ ನೆನೆಯುವುದು ಗೋಲು ಹೊಡೆದದ್ದಕ್ಕಲ್ಲ, ಹುಡುಗರನ್ನು ತಯಾರು ಮಾಡಿದ್ದಕ್ಕೆ. ಆಟದ ಬದುಕೆಂದರೆ ಆಡುವುದು ಮಾತ್ರವಲ್ಲ ಎಂದು ಮಗನಿಗೆ ತಿಳಿಯಲಿ.

ಕಳುಹಿಸುವ ಮುನ್ನ ಕೇಳಿ

ಇನ್ನೂ ಕಳುಹಿಸದ ತಾಯಂದಿರಿಗೂ ಒಂದು ಮಾತು. ಮಗನಾಗಲಿ ಮಗಳಾಗಲಿ, ಅಕಾಡೆಮಿಗೆ ಸೇರಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಫುಟ್ಬಾಲ್ ಫೆಡರೇಷನ್ನಿನ ಮಾನ್ಯತೆ ಇದೆಯೇ? ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ನಿಜವಾಗಿ ತರಗತಿಯಲ್ಲಿ ಕೂರುತ್ತಾರೆಯೇ? ಪೆಟ್ಟಾದರೆ ಖರ್ಚು ಯಾರದು? ಶುಲ್ಕ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ? ನಮಾಝಿಗೆ, ಜುಮಾಕ್ಕೆ, ರಮಝಾನಿನ ಉಪವಾಸಕ್ಕೆ, ಹಲಾಲ್ ಊಟಕ್ಕೆ ಅನುಕೂಲವಿದೆಯೇ? ಮಗು ಮನೆಗೆ ವಾರಕ್ಕೆ ಎಷ್ಟು ಸಲ ಫೋನು ಮಾಡಬಹುದು? ಎಲ್ಲಕ್ಕಿಂತ ಮುಖ್ಯವಾದದ್ದು, ಕಳೆದ ವರ್ಷ ನೀವು ಬಿಟ್ಟು ಕಳುಹಿಸಿದ ಹುಡುಗರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಸಂಸ್ಥೆಯನ್ನು ಸ್ವಲ್ಪ ನಂಬಬಹುದು. ಸಾಲ ಮಾಡಿ, ಚಿನ್ನ ಅಡವಿಟ್ಟು ಕಳುಹಿಸಬೇಡಿ. ಆ ಸಾಲದ ಭಾರ ಮಗನ ಕಾಲಿಗೇ ಕಟ್ಟಿದಂತಾಗುತ್ತದೆ.

ದೂರ ಕಳುಹಿಸದೆಯೂ ಆಟ ಕಲಿಯಬಹುದು. ಗದುಗಿನ ಸುನಿಲ್ ಜೋಶಿ ಬಾಲಕನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ, ಮತ್ತೆ ಗದುಗಿಗೆ ಹೋಗಿ ಶಾಲೆಯಲ್ಲಿ ಕೂರುತ್ತಿದ್ದರು. 1996ರಲ್ಲಿ ಅವರು ಭಾರತಕ್ಕಾಗಿ ಟೆಸ್ಟ್ ಆಡಿದರು. ಗದಗ ಮತ್ತು ಹುಬ್ಬಳ್ಳಿಯ ನಡುವೆಯೇ ನಮ್ಮ ಅಣ್ಣಿಗೇರಿ ಇದೆ. ಶಾಲೆಯ ಚೀಲ ಮತ್ತು ಆಟದ ಚೀಲ ಎರಡನ್ನೂ ಒಂದೇ ಹೆಗಲಿಗೆ ಹಾಕಿಕೊಳ್ಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಪ್ರಯತ್ನ ನಮ್ಮದು, ಫಲ ಅಲ್ಲಾಹನ ಕೈಯಲ್ಲಿ ಎಂದು ನಾವು ದಿನವೂ ಹೇಳುತ್ತೇವೆ. ಮಗ ಗೆದ್ದಾಗ ಆ ಮಾತು ಹೇಳುವುದು ಸುಲಭ. ಅವನು ಚೀಲ ಹೊತ್ತು ಮರಳಿದಾಗಲೂ ಅದನ್ನೇ ನಂಬಿದರೆ ನಮ್ಮ ನಾಲಗೆಯಿಂದ ಚುಚ್ಚುಮಾತು ಬರುವುದಿಲ್ಲ. ನಿಮ್ಮ ಓಣಿಯಲ್ಲಿ ಇಂಥ ಹುಡುಗನೊಬ್ಬ ಮರಳಿ ಬಂದಿದ್ದರೆ, ಈ ವಾರ ಅವನ ಅಮ್ಮಿಯ ಜೊತೆ ಕೂತು ಮಾತಾಡಿ. ಪರೀಕ್ಷೆಯ ಅರ್ಜಿ ತುಂಬಲು, ಪ್ರಮಾಣಪತ್ರ ಜೋಡಿಸಲು ನಿಮ್ಮ ಮನೆಯ ಓದಿದ ಮಕ್ಕಳನ್ನು ಕಳುಹಿಸಿ. ಅವನಿಗೆ ಸದ್ಯಕ್ಕೆ ಬೇಕಾಗಿರುವುದು ಅಷ್ಟೇ.